ತೊಳೆದರೂ ಉಳಿದ ಮಸಿ

“ಕಟ್ಟು ಬಿಚ್ಚಬೇಡಿ ಡಾಕ್ಟ್ರೇ. ಇನ್ನೂ ಅರ್ಧ ನಿಮಿಷ ಅದೆ.”

ಇನ್ಸ್‌ಪೆಕ್ಟರ್ ಹಮ್ಮಣ್ಣ ನಾಯಕ ಕೈಗಡಿಯಾರದಿಂದ ಕಣ್ಣು ಕೀಳಲಿಲ್ಲ.

ಆಪರೇಷನ್ ಕೋಣೆಯ ಉದ್ದ ಮೇಜಿನ ಮೇಲೆ ಮೂರು ಎನಾಮಲ್ ಬೋಗುಣಿಗಳು. ಒಂದೊಂದರ ಮುಂದೆ ಒಬ್ಬೊಬ್ಬರು, ಕಣ್ಣಿಗೆ ಬ್ಯಾಂಡೇಜ್ ಬಟ್ಟೆ ಕಟ್ಟಿಸಿಕೊಂಡು, ಕಾರ್ಬಾಲಿಕ್ ಸೋಪಿನಲ್ಲಿ ಕೈ ತಿಕ್ಕುತ್ತಿದ್ದರು. ಐದು ನಿಮಿಷದ ಹಿಂದೆ ಹಮ್ಮಣ್ಣನೇ ಆ ಕೈಗಳಿಗೆ ತೆಂಗಿನೆಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಮಣಿಕಟ್ಟಿನವರೆಗೆ ಬಳಿದಿದ್ದ. ದಿನಾ ಹೇಗೆ ತೊಳೆಯುತ್ತೀರೋ ಹಾಗೆ ತೊಳೆಯಿರಿ ಎಂದಷ್ಟೇ ಹೇಳಿದ್ದ.

ನಲವತ್ತು ದಿನಗಳಲ್ಲಿ ನಾಲ್ವರು ಬಾಣಂತಿಯರು ಹೊನ್ನಾವರದ ಈ ಶಾಂತಾಬಾಯಿ ಧರ್ಮಾಸ್ಪತ್ರೆಯಲ್ಲಿ ಜ್ವರವೇರಿ ಸತ್ತಿದ್ದರು. ಆಯಾ ಸುಕ್ರಿಯ ಕೈಯಲ್ಲೇ ಏನೋ ಇದೆ ಎಂದು ಮೊನ್ನೆ ಜನ ಅವಳ ಗುಡಿಸಲಿಗೆ ಕಲ್ಲು ತೂರಿದ್ದರು. ಅವಳನ್ನು ಹಿಡಿದು ಒಳಗೆ ಹಾಕಿ ಎಂದು ಆಸ್ಪತ್ರೆಯ ಕಮಿಟಿಯವರೂ ಹಟ ಹಿಡಿದಿದ್ದರು.

“ಸಾಕು. ಕೈ ಒರಸ್ಕೊಂಡು ಕಟ್ಟು ಬಿಚ್ಚಿ.”

ಮೊದಲು ಸುಕ್ರಿಯೇ ಕೈ ಚಾಚಿದಳು. ಐವತ್ತು ದಾಟಿದ ಸಂತೆಗುಳಿಯ ಹೆಂಗಸು, ಈ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ನೆಲ ಒರೆಸಿ, ಬಾಣಂತಿಯರ ಬಟ್ಟೆ ಒಗೆದವಳು. ಅವಳ ಉಗುರುಗಳ ಮೂಲೆಯಲ್ಲಿ ಮಾತ್ರ ಒಂದಿಷ್ಟು ಕಪ್ಪು ಉಳಿದಿತ್ತು.

“ಅನ್ನದ ಚರಿಗೆ ತಿಕ್ದಂಗೆ ತಿಕ್ದೆ ಒಡ್ಯಾ. ಮಸಿ ತೆಗಿಯೂದು ನಂಗೆ ಗೊತ್ತಿಲ್ವಾ?”

ಎರಡನೆಯವಳು ಸ್ಟಾಫ್ ನರ್ಸ್ ಸೆವ್ರಿನ್ ಫರ್ನಾಂಡಿಸ್. ಇಪ್ಪತ್ತೇಳರ ಹುಡುಗಿ, ಬೆಳಗಾವಿಯಲ್ಲಿ ಕಲಿತು ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ಅವಳು ಕೈಯನ್ನು ಹಿಂದುಮುಂದು ತಿರುಗಿಸಿ ತೋರಿಸಿದಳು. ಬೆರಳ ಸಂದಿಯಲ್ಲಿ, ಉಗುರಿನಡಿಯಲ್ಲಿ, ಮಣಿಕಟ್ಟಿನ ಗೆರೆಯಲ್ಲಿ ಎಲ್ಲಿಯೂ ಮಸಿಯ ಸುಳಿವಿರಲಿಲ್ಲ.

ಡಾಕ್ಟರ್ ಪುಂಡಲೀಕ ಪ್ರಭು ತಮ್ಮ ಅಂಗೈಗಳನ್ನು ನೋಡಿಕೊಂಡು ನಕ್ಕರು. ಅಂಗೈ ಶುಭ್ರವಾಗಿತ್ತು.

“ಆತಲ್ಲ ನಾಯಕ್ರೇ? ಮೂವತ್ತೊಂದು ವರ್ಷ ತೊಳ್ದ ಕೈ ಇದು. ಇನ್ನು ಈ ಆಟ ಮುಗಿಸ್ವಾ. ಹೊರಗೆ ರೋಗಿಗಳು ಕಾಯ್ತಿದ್ರು.”

ಹಮ್ಮಣ್ಣ ಆ ಕೈಗಳನ್ನು ಹಿಡಿದು ಬೋರಲು ಮಾಡಿದ.

ಎರಡೂ ಹೆಬ್ಬೆರಳು ಬುಡದಿಂದ ತುದಿವರೆಗೆ ಕಪ್ಪಾಗಿದ್ದವು. ಬೆರಳ ಸಂದಿಗಳಲ್ಲಿ ಮಸಿ ಗೆರೆ ಎಳೆದಂತೆ ನಿಂತಿತ್ತು. ಹತ್ತು ಉಗುರುಗಳ ಅಡಿಯಲ್ಲೂ ಕಪ್ಪು. ಉಂಗುರ ಸರಿಸಿದರೆ ಅದರ ಕೆಳಗೆ ಎಣ್ಣೆಮಸಿ ಹಾಗೇ ಹೊಳೆಯುತ್ತಿತ್ತು.

ಡಾಕ್ಟರರ ಮುಖದಲ್ಲಿ ನಗು ಇನ್ನೂ ಇತ್ತು. ಅದನ್ನು ತೆಗೆಯುವುದೇ ಅವರಿಗೆ ಮರೆತುಹೋದಂತಿತ್ತು.

“ಕಾರವಾರದ ಸಿವಿಲ್ ಸರ್ಜನ್ ಹೇಳಿಕೊಟ್ಟ ಉಪಾಯ ಇದು,” ಎಂದ ಹಮ್ಮಣ್ಣ. “ಎಲ್ಲಿ ಮಸಿ ಉಳೀತೋ ಅಲ್ಲಿ ರೋಗದ ಕ್ರಿಮಿನೂ ಉಳೀತದೆ ಅಂದ್ರು. ಒಂದು ಕೇಳ್ತೆ. ಒಬ್ಬ ರೋಗಿನ ಮುಟ್ಟಿ ಇನ್ನೊಬ್ಬರನ್ನ ಮುಟ್ಟೂಕೆ ಮುಂಚೆ ಎಂತ ಮಾಡ್ತ್ರಿ?”

“ಬಾಗಿಲಲ್ಲಿ ಲೈಸಾಲ್ ನೀರಿನ ಬೋಗುಣಿ ಇಟ್ಟಿರ್ತದೆ. ಅದ್ರಲ್ಲಿ ಅದ್ದಿ, ಟವೆಲ್ಲಿಗೆ ಒರಸ್ತೆ.”

“ಆ ನೀರು ಯಾವಾಗ ಬದಲಿಸ್ತ್ರಿ?”

“ಬೆಳಿಗ್ಗೆ.”

“ಆಮೇಲೆ?”

“ಮರುದಿನ ಬೆಳಿಗ್ಗೆ.”

“ಟವೆಲ್?”

ಡಾಕ್ಟರರು ಮೊಳೆಗೆ ತೂಗುಹಾಕಿದ್ದ ಆ ಒಂದೇ ಟವೆಲ್ಲಿನ ಕಡೆ ನೋಡಿದರು. ಮೂವರೂ ಈಗ ಅದಕ್ಕೇ ಕೈ ಒರೆಸಿದ್ದರು.

ಹಮ್ಮಣ್ಣ ರಿಜಿಸ್ಟರ್ ತೆರೆದು ಮೇಜಿನ ಮೇಲಿಟ್ಟ. “ಮೊದಲು ಸತ್ತವಳು ಕಾಸರಕೋಡಿನ ಮಂಜಿ. ಅವಳ ಹೆರಿಗೆ ಆದ ದಿನ ಬೆಳಿಗ್ಗೆ ನೀವು ಯಾರನ್ನ ನೋಡಿದ್ರಿ ಓದಿ.”

ಡಾಕ್ಟರರು ಕನ್ನಡಕ ಸರಿಮಾಡಿಕೊಂಡರು. ಕಪ್ಪು ಹೆಬ್ಬೆರಳು ಕನ್ನಡಕದ ಕಡ್ಡಿಗೆ ಮಸಿ ಹಚ್ಚಿತು.

“ಬಸ್ ಕ್ಲೀನರ್ ರಾಮ. ಕಾಲಲ್ಲಿ ಕುರು. ಕೊಯ್ದು ಕೀವು ತೆಗೆದದ್ದು.” ಅವರ ದನಿ ತಗ್ಗಿತು. “ಅಷ್ಟೊತ್ತಿಗೆ ಸುಕ್ರಿ ಓಡಿ ಬಂದ್ಳು. ಮಂಜಿಗೆ ನೋವು ಜೋರಾಗದೆ ಅಂದ್ಳು. ನಾ ಕೈ ಅದ್ದಿ... ಹಂಗೇ ಹೋದೆ.”

“ಎರಡನೆಯವಳು ಹೊನ್ನಿ. ಮೂರನೆಯವಳು ಹೆಬಳೆಯ ನಾಗಿ. ಆ ದಿನಗಳ ಪುಟಕ್ಕೂ ಗುರುತು ಇಟ್ಟಿದ್ದೆ.”

ಡಾಕ್ಟರರು ಆ ಪುಟಗಳನ್ನು ತಿರುವಲಿಲ್ಲ. ಅವರಿಗೆ ನೆನಪಿತ್ತು. ರಾಮನ ಕಾಲಿನ ಗಾಯ ಒಂದು ತಿಂಗಳು ಮಾಯದೆ ಉಳಿದಿತ್ತು. ದಿನಾ ಬೆಳಿಗ್ಗೆ ಅದಕ್ಕೆ ಪಟ್ಟಿ ಕಟ್ಟುತ್ತಿದ್ದವರು ಅವರೇ.

“ಹಂಗಾದ್ರೆ ಮೂರು ಜನ ನನ್ನ ಕೈಯಿಂದ...” ಅವರು ತಲೆಯೆತ್ತಿದರು. ಕಣ್ಣುಗಳಲ್ಲಿ ಹಮ್ಮಣ್ಣ ಅಲ್ಲಿಯವರೆಗೆ ಯಾವ ಖೈದಿಯ ಕಣ್ಣಲ್ಲೂ ಕಾಣದ ಹೆದರಿಕೆ ಇತ್ತು. “ನಾಯಕ್ರೇ, ಇದು ಈ ನಲವತ್ತು ದಿನದ ಲೆಕ್ಕ. ಮೂವತ್ತೊಂದು ವರ್ಷದ್ದು ಎಂತ?”

ಸುಕ್ರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರರು ಎದ್ದು, ಯಾವುದನ್ನೂ ಮುಟ್ಟದೆ, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಪಕ್ಕದ ತಮ್ಮ ಕೋಣೆಗೆ ಹೋದರು.

*

ಹಮ್ಮಣ್ಣ ಚಿಲಕ ತೆಗೆದಾಗ ಕಾನ್ಸ್ಟೇಬಲ್ ಜಟ್ಟಿ ಆಗಲೇ ಬಾಗಿಲಲ್ಲಿ ಕಾಯುತ್ತಿದ್ದ. ಒಂದು ಕೈಯಲ್ಲಿ ಪೋಸ್ಟಾಫೀಸಿನಿಂದ ತಂದ ತಂತಿ ಕಾಗದ, ಇನ್ನೊಂದರಲ್ಲಿ ತಟ್ಟೆ ಮುಚ್ಚಿದ ಹಿತ್ತಾಳೆ ಲೋಟ.

“ಮುರುಗಲ ಪಾನಕ ಸಾಹೇಬ್ರೆ. ಬಿಸಿಲು ಭಾರೀ ಅದೆ, ಕುಡೀರಿ.”

ಹಮ್ಮಣ್ಣ ಲೋಟವನ್ನು ಮೇಜಿನ ಮೇಲಿಡಿಸಿ ತಂತಿ ಒಡೆದ. ನಾಲ್ಕನೆಯ ಬಾಣಂತಿ ಕತಗಾಲದ ಗಂಗೆಯ ಹೆಣವನ್ನು ಮಾತ್ರ ಕಾರವಾರಕ್ಕೆ ಒಯ್ದು ಕೊಯ್ಯಿಸಿದ್ದರು. ಅವಳ ಹೊಟ್ಟೆಯಲ್ಲಿದ್ದದ್ದು ಪರೀಕ್ಷೆಗೆ ಬೆಂಗಳೂರಿಗೆ ಹೋಗಿತ್ತು. ಉತ್ತರ ಎರಡು ಸಾಲಿನದು.

ಗರ್ಭಕೋಶದಲ್ಲಿ ಕೀವಿಲ್ಲ, ಸೋಂಕಿಲ್ಲ. ಹೊಟ್ಟೆಯಲ್ಲಿ ಅಟ್ರೋಪಿನ್, ಪ್ರಾಣ ತೆಗೆಯುವಷ್ಟು.

ಅವನು ಅದನ್ನು ಮತ್ತೊಮ್ಮೆ ಓದಿದ.

ಅಟ್ರೋಪಿನ್ ಎಂದರೆ ಕಣ್ಣಿನ ಪರೀಕ್ಷೆಗೆ ಮುಂಚೆ ಹನಿ ಹಾಕುವ ಔಷಧ. ಹೊಟ್ಟೆಗೆ ಹೋದರೆ ಮೈ ಕೆಂಡವಾಗುತ್ತದೆ, ಬಾಯಿ ಒಣಗುತ್ತದೆ, ಮನುಷ್ಯ ಬಡಬಡಿಸುತ್ತಾನೆ. ನೋಡಿದವರು ಬಾಣಂತಿ ಜ್ವರ ನೆತ್ತಿಗೇರಿತು ಎನ್ನಬೇಕು, ಹಾಗೆ.

ಮೂವರನ್ನು ಕೊಂದದ್ದು ಅರಿಯದ ಕೈ. ನಾಲ್ಕನೆಯವಳನ್ನು ಯಾರೋ ಬೇಕೆಂದೇ ಕೊಂದು, ಆ ಮೂವರ ಸಾಲಿನಲ್ಲಿ ಮಲಗಿಸಿದ್ದರು. ಹಾಗೆ ಮಾಡಬೇಕಾದರೆ ಆ ಮೂವರು ಯಾತರಿಂದ ಸಾಯುತ್ತಿದ್ದಾರೆ ಎನ್ನುವುದು ಅವರಿಗೆ ಮೊದಲೇ ತಿಳಿದಿರಬೇಕು. ಈ ಆಸ್ಪತ್ರೆಯಲ್ಲಿ ಅದು ಯಾರಿಗೆ ತಿಳಿದಿತ್ತು?

ಸ್ವಲ್ಪ ಹೊತ್ತಿನ ಹಿಂದೆ ತಾನು ಮನಸ್ಸಿನಲ್ಲೇ ಮೆಚ್ಚಿದ ಸೆವ್ರಿನ್‌ಳ ಕೈಗಳು ಅವನಿಗೆ ಈಗ ಬೇರೆಯೇ ಆಗಿ ಕಂಡವು.

“ಸುಕ್ರಿ, ನೀನು ಬೋಗುಣಿ ತೊಳ್ಕಂಡು ಹಿತ್ತಲ ಬಾವಿಕಟ್ಟೆ ಹತ್ರ ಇರು. ಜಟ್ಟಿ, ಬಾಗಿಲಲ್ಲಿ ನಿಲ್ಲು. ಸಿಸ್ಟರ್, ನೀವು ಕೂತ್ಕೊಳ್ಳಿ.”

ಸೆವ್ರಿನ್ ಕುಳಿತಳು. ಬೆಳಗಿನಿಂದ ನಿಂತೇ ಇದ್ದವಳು. ತುಟಿ ಬಿಳಿಚಿದ್ದನ್ನು ನೋಡಿ ಹಮ್ಮಣ್ಣ ಲೋಟವನ್ನು ಅವಳ ಕಡೆ ಸರಿಸಿದ. “ಕುಡೀರಿ. ಮಾತು ಉದ್ದ ಅದೆ.”

ಅವಳು ಸಂಕೋಚದಿಂದ ಆ ಕೆಂಪು ಪಾನಕವನ್ನು ಒಂದು ಗುಟುಕು ಕುಡಿದು ಮುಖ ಸ್ವಲ್ಪ ಕಿವುಚಿದಳು. ಆಮೇಲೆ ಬಾಯಾರಿದವರಂತೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

“ಡಾಕ್ಟ್ರ ಕೈ ಹೀಂಗೆ ಅಂತ ನಿಮಗೆ ಯಾವಾಗಿಂದ ಗೊತ್ತು?”

“ಬಂದ ಮೊದಲ ವಾರದಿಂದ ಸರ್.”

“ಹೇಳಿದ್ರಾ ಅವರಿಗೆ?”

“ಹೇಳಿದೆ. ‘ಬಾಯೇ, ನೀ ಹುಟ್ಟೂಕೆ ಮುಂಚೆಯಿಂದ ನಾ ಹೆರಿಗೆ ಮಾಡ್ಸ್ತಿದ್ದೆ’ ಅಂತ ನಕ್ಕರು. ಕೆಟ್ಟವರಲ್ಲ ಸರ್ ಅವರು. ಬಡವರ ಹತ್ತಿರ ಏನೂ ತಗೊಳ್ಳೋದಿಲ್ಲ, ರಾತ್ರಿ ಕರೆದರೂ ಬರ್ತಾರೆ. ಅವರು ಓದಿದ ಕಾಲದಲ್ಲಿ ಹೇಳಿಕೊಟ್ಟದ್ದನ್ನ ಮರೆತಿದ್ದರೋ, ಯಾರೂ ಹೇಳಿಕೊಟ್ಟೇ ಇಲ್ಲವೋ. ನಾನು ಮತ್ತೆ ಮತ್ತೆ ಹೇಳಬೇಕಿತ್ತು. ಹೇಳಲಿಲ್ಲ.”

“ಎಂತಕ್ಕೆ?”

“ಈ ಕೆಲಸ ಕೊಟ್ಟವರು ಅವರೇ. ನನ್ನ ಪಗಾರದ ಮೇಲೆ ಮನೇಲಿ ಐದು ಜನ ಇದ್ದಾರೆ.” ಅವಳು ತಲೆ ತಗ್ಗಿಸಿದಳು. “ಮಂಜಿ ಹೋದಮೇಲೆ ಅವರು ನೋಡದಾಗ ಬೋಗುಣಿ ನೀರು ನಾನೇ ಬದಲಿಸ್ತಿದ್ದೆ. ಆದರೆ ಬೆರಳನ್ನ ನಾನು ಹಿಡಿದು ತೊಳೆಯೋದು ಹೇಗೆ ಸರ್?”

ಹಮ್ಮಣ್ಣ ಕರಗಲಿಲ್ಲ. ಮುಕ್ಕಾಲು ಗಂಟೆ ರಿಜಿಸ್ಟರಿನ ಒಂದೊಂದು ಪುಟವನ್ನೂ ಅವಳ ಮುಂದೆ ತಿರುವಿದ. ಯಾರ ಪಾಳಿ, ಯಾರಿಗೆ ಯಾವ ಔಷಧ, ಕಪಾಟಿನ ಬೀಗ ಯಾರ ಹತ್ತಿರ, ಎಲ್ಲ ಕೇಳಿದ. ಮೊದಮೊದಲು ಅವಳು ತಟ್ಟನೆ ಉತ್ತರ ಹೇಳುತ್ತಿದ್ದಳು. ಆಮೇಲೆ ತುಟಿ ನೆಕ್ಕಿಕೊಳ್ಳತೊಡಗಿದಳು. ಕೆನ್ನೆ, ಕಿವಿ, ಕುತ್ತಿಗೆ ಎಲ್ಲ ಕೆಂಪಾಯಿತು.

ಹೆದರಿಕೆ ಶುರುವಾಯಿತು ಎಂದುಕೊಂಡ ಹಮ್ಮಣ್ಣ.

“ಗಂಗೆಯ ಹೆರಿಗೆ ಮಾಡಿಸಿದ್ದು ಯಾರು?”

“ನಾನು. ಅವತ್ತು ಬುಧವಾರ. ಬುಧವಾರ ಡಾಕ್ಟ್ರು ಕಣ್ಣಿನ ರೋಗಿಗಳನ್ನ ನೋಡೋಕೆ ಭಟ್ಕಳಕ್ಕೆ ಹೋಗ್ತಾರೆ.”

“ಅಂದ್ರೆ ಡಾಕ್ಟ್ರು ಅವಳನ್ನ ಮುಟ್ಟೇ ಇಲ್ಲ.”

“ಇಲ್ಲ. ಅದಕ್ಕೇ ನನಗೆ ಧೈರ್ಯ ಇತ್ತು. ಇವಳೊಬ್ಬಳು ಬದುಕ್ತಾಳೆ ಅಂತ.”

“ಹೌದು. ನಿಮ್ಮ ಕೈ ಎಷ್ಟು ಶುದ್ಧ ಅಂತ ನಾನೇ ನೋಡಿದೆ.” ಹಮ್ಮಣ್ಣ ತಂತಿಯನ್ನು ಅವಳ ಮುಂದೆ ಇಟ್ಟ. “ಗಂಗೆ ಕ್ರಿಮಿಯಿಂದ ಸಾಯಲಿಲ್ಲ ಸಿಸ್ಟರ್. ಓದಿ.”

ಅವಳು ಕಾಗದವನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು.

“ಅಕ್ಷರ ಕಾಣೋದಿಲ್ಲ ಸರ್.”

“ನಾಟಕ ಬೇಡ.”

“ನಿಜ ಸರ್. ಎಲ್ಲ ಮಂಜು ಮಂಜು. ಸ್ವಲ್ಪ ನೀರು ಕೊಡ್ತೀರಾ?”

“ಕೊಡ್ತೆ. ಮೊದಲು ಉತ್ತರ ಹೇಳಿ. ಗಂಗೆಗೆ ಅಟ್ರೋಪಿನ್ ಕೊಟ್ಟಿದ್ರು. ಮೂರು ಸಾವಿನ ಗುಟ್ಟು ನಿಮಗೊಬ್ಬರಿಗೇ ಗೊತ್ತಿತ್ತು. ನಾಲ್ಕನೇದನ್ನ ಅದರ ಜೊತೆ ಸೇರಿಸಿದ್ರೆ ಯಾರೂ ಕೇಳೋದಿಲ್ಲ ಅನ್ನೋದೂ ಗೊತ್ತಿತ್ತು. ಅವತ್ತು ಅವಳ ಹತ್ತಿರ ಇದ್ದವರು ನೀವು. ಎಂತಕ್ಕೆ ಕೊಂದ್ರಿ?”

ಸೆವ್ರಿನ್ ಬೆಚ್ಚಿ ಅವನತ್ತ ನೋಡಿದಳು. ಕಣ್ಣುಗಳು ಅಗಲವಾಗಿ ತೆರೆದಿದ್ದವು. ಕಿಟಕಿಯಿಂದ ಬಿಸಿಲು ನೇರ ಮುಖಕ್ಕೆ ಬೀಳುತ್ತಿದ್ದರೂ ಕಣ್ಣಪಾಪೆ ಬಟ್ಟೆಯ ಗುಂಡಿಯಷ್ಟು ದೊಡ್ಡದಾಗಿ, ಕಪ್ಪಗೆ ನಿಂತಿತ್ತು.

“ಗಂಗೆ ಮಧ್ಯಾಹ್ನ ಚೆನ್ನಾಗಿದ್ದಳು ಸರ್. ಮಗುವಿಗೆ ಹಾಲು ಕೊಟ್ಟಳು. ನಾಲ್ಕು ಗಂಟೆಗೆ ನೋಡಿದರೆ ಮುಖ ಕೆಂಪು... ನೀರು ನೀರು ಅಂತಿದ್ದಳು... ಹಾಸಿಗೆ ಮೇಲೆ ಏನೋ ಹರಿದಾಡ್ತದೆ ಅಂತ ಹೆಕ್ಕಿ ಹೆಕ್ಕಿ...”

ಹೇಳುತ್ತಲೇ ಅವಳ ಬೆರಳುಗಳು ಮೇಜಿನ ಮೇಲೆ ಏನನ್ನೋ ಹೆಕ್ಕತೊಡಗಿದವು. ಅಲ್ಲಿ ಏನೂ ಇರಲಿಲ್ಲ.

“ಉದಾಕ್,” ಎಂದಳು ಕೊಂಕಣಿಯಲ್ಲಿ. “ಮಾಯ್, ಉದಾಕ್ ದೀ.” ತಾಯಿಯ ಹತ್ತಿರ ನೀರು ಕೇಳುತ್ತಿದ್ದಳು. ತಾಯಿ ಅಲ್ಲಿರಲಿಲ್ಲ.

ಹಮ್ಮಣ್ಣ ಕುರ್ಚಿಯಿಂದ ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಅವಳ ಹಣೆ ಮುಟ್ಟಿದ. ಕಾದ ಹಂಚಿನಂತೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಮುಕ್ಕಾಲು ಗಂಟೆ ತಾನು ತಪ್ಪಿತಸ್ಥಳ ಹೆದರಿಕೆ ಎಂದು ನೋಡುತ್ತ ಕುಳಿತದ್ದು ಒಬ್ಬಳು ಸಾಯುತ್ತಿರುವುದನ್ನು!

“ಡಾಕ್ಟ್ರೇ! ಓಡಿ ಬನ್ನಿ!”

*

ಡಾಕ್ಟರ್ ಪ್ರಭು ಓಡಿ ಬಂದರು. ಟಾರ್ಚ್ ಹಿಡಿದು ಕಣ್ಣು ನೋಡಿದರು. “ಅಟ್ರೋಪಿನ್,” ಎಂದರು ತಕ್ಷಣ. “ಹೊಟ್ಟೆ ತೊಳಿಬೇಕು. ರಬ್ಬರ್ ನಳಿಗೆ ತನ್ನಿ. ಇದ್ದಿಲು ಪುಡಿ ಮಾಡಿ ನೀರಲ್ಲಿ ಕಲಸಿ.”

ಬಾವಿಕಟ್ಟೆಯಿಂದ ಸುಕ್ರಿ ಓಡಿ ಬಂದು ನಳಿಗೆ ತಂದಳು. ಡಾಕ್ಟರರು ಅದನ್ನು ಹಿಡಿಯಲು ಕೈ ಚಾಚಿ, ನಡುವೆಯೇ ನಿಲ್ಲಿಸಿದರು. ಅಷ್ಟು ಹೊತ್ತು ಒಬ್ಬರೇ ಕೋಣೆಯಲ್ಲಿ ತಿಕ್ಕಿ ತಿಕ್ಕಿ ಬೆರಳುಗಳ ಚರ್ಮ ಕೆಂಪಾಗಿತ್ತು, ಒಂದೆರಡು ಕಡೆ ರಕ್ತ ಜಿನುಗುತ್ತಿತ್ತು.

“ನಾ ಮುಟ್ಟೂದಿಲ್ಲ,” ಎಂದರು ಮಗುವಿನ ಹಾಗೆ. “ನಾ ಮುಟ್ಟಿದವರು ಬದುಕೂದಿಲ್ಲ. ಬೇರೆ ಡಾಕ್ಟ್ರನ್ನ ಕರೆಸಿ.”

“ಬೇರೆ ಡಾಕ್ಟ್ರು ಕುಮಟೆಯಿಂದ ಬರಬೇಕು. ಎರಡು ತಾಸು ಆಗ್ತದೆ!”

ಹಮ್ಮಣ್ಣ ಕೂಗಿದರೂ ಅವರು ಕದಲಲಿಲ್ಲ. ಆಗ ಸುಕ್ರಿ ಮುಂದೆ ಬಂದಳು. ಹದಿನಾಲ್ಕು ವರ್ಷ ಅವರ ಮುಂದೆ ತಲೆ ಎತ್ತಿ ಮಾತಾಡದವಳು.

“ಒಡ್ಯಾ, ಅಳೂದು ಆಮೇಲೆ. ಈ ಕೂಸಿನ ಪಿರಾಣ ಹೋತದೆ. ಕೈ ಹಿಡೀರಿ ಇಲ್ಲಿ, ನಾ ನೀರು ಹೊಯ್ತೆ.”

ಅವಳು ಚೊಂಬಿನಿಂದ ನೀರು ಸುರಿದಳು. ಡಾಕ್ಟರರು ಕೈ ಒಡ್ಡಿದರು. ಸುಕ್ರಿ ಸೋಪು ಹಿಡಿದು ಅವರ ಹೆಬ್ಬೆರಳನ್ನು ತಾನೇ ತಿಕ್ಕಿ ಬಿಟ್ಟಳು. ಆಮೇಲೆ ಅವರು ತಡಮಾಡಲಿಲ್ಲ.

ಹತ್ತು ನಿಮಿಷ ಕಳೆಯಿತು. ನಳಿಗೆಯಿಂದ ಕೆಂಪು ಪಾನಕ ಬೋಗುಣಿಗೆ ಇಳಿಯಿತು. ಹಿಂದೆಯೇ ಇದ್ದಿಲ ನೀರು ಒಳಗೆ ಹೋಯಿತು. ಸೆವ್ರಿನ್ ಮಂಚದ ಮೇಲೆ ಹೊರಳಾಡುತ್ತಿದ್ದಳು, ಏನೇನೋ ಹೆಸರು ಕೂಗುತ್ತಿದ್ದಳು.

“ಉಳೀತಾಳಾ?”

“ನಾಳೆ ಬೆಳಿಗ್ಗೆವರೆಗೆ ಎಂತದೂ ಹೇಳೂಕಾಗ್ದು.” ಡಾಕ್ಟರರು ನಾಡಿಯ ಮೇಲಿನ ಕೈ ತೆಗೆಯಲಿಲ್ಲ. “ಇವಳಿಗೆ ವಿಷ ಹಾಕಿದವರು ಯಾರು ನಾಯಕ್ರೇ?”

ಹಮ್ಮಣ್ಣ ಬೋಗುಣಿಯಲ್ಲಿದ್ದ ಕೆಂಪು ನೀರನ್ನೇ ನೋಡುತ್ತಿದ್ದ. ಬೆಳಗಿನಿಂದ ಅವಳ ಹೊಟ್ಟೆಗೆ ಬೇರೇನೂ ಹೋಗಿರಲಿಲ್ಲ. ಮೂವರನ್ನೂ ಅವನು ಒಂದು ಗಂಟೆಗೆ ಆಪರೇಷನ್ ಕೋಣೆಗೆ ಕರೆಸಿ ಒಳಗಿನಿಂದ ಚಿಲಕ ಹಾಕಿದ್ದ. ಡಾಕ್ಟರರು ಎದ್ದು ಹೋದಾಗ ಲೋಟ ಆಗಲೇ ಬಾಗಿಲಿಗೆ ಬಂದಿತ್ತು; ಅಲ್ಲಿಯವರೆಗೆ ಒಬ್ಬರೂ ಅವನ ಕಣ್ಣ ಮರೆಯಾಗಿರಲಿಲ್ಲ. ಅವರ ಬೆರಳುಗಳನ್ನೇ ಎಣಿಸುತ್ತ ಅವನು ನಿಂತಿದ್ದಾಗ, ಗೋಡೆಯ ಆಚೆ ಇನ್ನೊಬ್ಬರು ನಿಧಾನವಾಗಿ ಪಾನಕ ಕಲಸಿದ್ದರು.

ಅದು ಸೆವ್ರಿನ್‌ಗೆಂದು ಕಲಸಿದ್ದಲ್ಲ. ಲೋಟವನ್ನು ಅವಳ ಕಡೆ ಸರಿಸಿದ್ದು ಅವನೇ.

ಅವನು ಜಟ್ಟಿಯ ತೋಳು ಹಿಡಿದು ವರಾಂಡಕ್ಕೆ ಎಳೆದ.

“ಆ ಲೋಟ ಎಲ್ಲಿಂದ ತಂದೆ?”

“ಅಡುಗೆಮನೆ ಬಾಗ್ಲಲ್ಲಿ ಇಸ್ಕಂಡೆ ಸಾಹೇಬ್ರೆ. ಅಡುಗೆಯವ ಊಟಕ್ಕೆ ಹೋಗಿದ್ದ. ಒಬ್ರು ಹೆಂಗಸ್ರು ಕೊಟ್ರು.”

“ಯಾವ ಹೆಂಗಸು?”

“ನಿಮ್ಮ ತಂಗಿ.”

ಹಮ್ಮಣ್ಣನ ಕೈ ಜಟ್ಟಿಯ ತೋಳಿನಿಂದ ಜಾರಿತು.

“ಹಂಗಂತ ಅವರೇ ಹೇಳಿದ್ರು ಸಾಹೇಬ್ರೆ. ಕುಮಟೆ ಬಸ್ಸಿಗೆ ಬಂದೆ, ಅಣ್ಣಂಗೆ ಮುರುಗಲ ಪಾನಕ ಅಂದ್ರೆ ಜೀವ ಅಂದ್ರು. ನಾ ಬಂದದ್ದು ಹೇಳ್ಬೇಡ, ಕೆಲಸದ ಹೊತ್ತಲ್ಲಿ ಬಂದ್ರೆ ಬೈತ ಅಂದ್ರು. ನಾ ಎಂತ ಗೊತ್ತಿದ್ದವ...”

“ಹೆಸರು ಹೇಳಿದ್ಳಾ?”

“ಹೇಳಿದ್ರು. ಬೊಮ್ಮಕ್ಕ ಅಂತ.”

ಹಮ್ಮಣ್ಣನಿಗೆ ಇದ್ದದ್ದು ಒಬ್ಬಳೇ ತಂಗಿ. ಅವಳ ಹೆಸರು ಬೊಮ್ಮಕ್ಕ. ಒಂಬತ್ತು ವರ್ಷದ ಹಿಂದೆ ಕುಮಟೆಯಲ್ಲಿ, ಹೆತ್ತ ಆರನೆಯ ದಿನ ಜ್ವರವೇರಿ ಸತ್ತಿದ್ದಳು. ಅವಳನ್ನು ಹೊತ್ತು ಒಯ್ದವರಲ್ಲಿ ಅವನೂ ಒಬ್ಬ. ಈ ಕೇಸಿಗೆ ತಾನಾಗಿಯೇ ಕೇಳಿಕೊಂಡು ಅವನು ಬಂದದ್ದು ಅದಕ್ಕೇ. ಆ ಮಾತನ್ನು ಅವನು ಹೊನ್ನಾವರದಲ್ಲಿ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಅವನು ಮತ್ತೆ ಜಟ್ಟಿಯ ತೋಳು ಹಿಡಿದ.

“ಅವಳು ಎಲ್ಲಿ ಹೋದ್ಳು ಜಟ್ಟಿ?”

“ಎಲ್ಲೂ ಹೋಗ್ಲಿಲ್ಲ ಸಾಹೇಬ್ರೆ. ಹೆರಿಗೆ ವಾರ್ಡಿನ ಕಡೆ ಹೋದ್ರು. ಬಾಣಂತೀರಿಗೂ ಒಂದೊಂದು ಲೋಟ ಕೊಡ್ತೆ, ಪಾಪ, ಸೆಕೆಗೆ ಬೆಂದು ಹೋಗಿದ್ರು ಅಂದ್ರು. ತಂಬಿಗೆ ತುಂಬ ಅದೇ ಪಾನಕ ಇತ್ತು.”